ವಿಜಯದಶಮಿಯ ಕತ್ತರಿ

ಮುನಿರತ್ನಮ್ಮ ಎಂಬ ಹೆಸರು ಅಮೆರಿಕದವರ ಬಾಯಿಗೆ ದಕ್ಕುವಂಥದ್ದಲ್ಲ. ಗಂಡನ ಆಸ್ಪತ್ರೆಯ ಪಾರ್ಟಿಯಲ್ಲಿ ಒಬ್ಬಾಕೆ ಎಷ್ಟೋ ಸಲ ಪ್ರಯತ್ನಪಟ್ಟು ಕೈಚೆಲ್ಲಿದ ಮೇಲೆ ಅವಳು ಬರೀ ರತ್ನ ಆದಳು. ಕರೆಯುವುದಕ್ಕೆ ಸುಲಭ, ನನ್ನ ತಕರಾರೇನಿಲ್ಲ. ಆದರೆ ಅವಳ ವಿಚಾರ ಹೇಳುವಾಗ ಪೂರ್ತಿ ಹೆಸರಿನಿಂದಲೇ ಶುರು ಮಾಡಬೇಕು. ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದ ಪಿಳ್ಳಪ್ಪನವರ ಮಗಳು ಅವಳು. ಕಲ್ಲುಕಂಬ ನಿಲ್ಲಿಸಿ, ತಂತಿ ಎಳೆದು, ತಲೆಯ ಮೇಲೆ ಚಪ್ಪರದ ಹಾಗೆ ಹಬ್ಬಿಸಿದ ಬಳ್ಳಿಗಳ ಕೆಳಗೆ ಆಡಿ ಬೆಳೆದವಳು. ಬೆಂಗಳೂರಿನವರೆಲ್ಲ ತಿಂದಿರುವ, ಸಿಪ್ಪೆ ಹುಳಿ, ತಿರುಳು ಸಿಹಿ, ಕೋಣೆಯಲ್ಲಿಟ್ಟರೆ ಮನೆಯೆಲ್ಲ ಘಮ್ಮೆನ್ನುವ ಆ ನೀಲಿ ದ್ರಾಕ್ಷಿಯ ತೋಟ.

ನಾನು ಸಾವಿತ್ರಿ. ಬೆಥೆಸ್ಡಾದ ಒಂದು ಲ್ಯಾಬಿನಲ್ಲಿ ಬಯೋಕೆಮಿಸ್ಟ್. ನಮ್ಮ ಯಜಮಾನರು ಬಾಲಸುಬ್ರಹ್ಮಣ್ಯ, ಸರ್ಕಾರಿ ಕಚೇರಿಯಲ್ಲಿ ಅಂಕಿಸಂಖ್ಯೆಯ ಕೆಲಸ. ಸೂರ್ಯನ ಕೆಳಗಿರುವ ಎಲ್ಲದರ ಬಗ್ಗೆಯೂ ಅವರಿಗೆ ಒಂದು ಅಭಿಪ್ರಾಯ ಇದ್ದೇ ಇದೆ. ಅರವತ್ತೇಳರಲ್ಲಿ ಬಂದು ಲ್ಯಾನ್‌ಹ್ಯಾಮ್‌ನಲ್ಲಿ ಮನೆ ಮಾಡಿದ ನಮಗೆ, ಎಪ್ಪತ್ಮೂರರಲ್ಲಿ ಬಂದ ಡಾಕ್ಟರ್ ಸತ್ಯಪ್ರಕಾಶ ಮತ್ತು ಅವರ ಹೆಂಡತಿ ರತ್ನ ಚಿಕ್ಕವರು. ಅವರ ಮನೆ ಪೊಟೊಮ್ಯಾಕ್ ನದಿಯಾಚೆ, ವರ್ಜೀನಿಯಾದಲ್ಲಿ. ಡಾಕ್ಟರು ಡ್ಯೂಟಿಗೆ ಹೋದರೆ ಇವಳು ಕಿಟಕಿಯ ಪಕ್ಕ ಕುಳಿತು ಲಾನ್ ನೋಡುತ್ತ ಹೊತ್ತು ಕಳೆಯುತ್ತಿದ್ದಳು. "ಇಷ್ಟೊಂದು ನೆಲಾನ ಬರೀ ಹುಲ್ಲಿಗೆ ಬಿಟ್ಟವ್ರಲ್ಲಕ್ಕ" ಎಂದು ಫೋನಿನಲ್ಲಿ ನನ್ನ ಹತ್ತಿರ ಅಲವತ್ತುಕೊಳ್ಳುತ್ತಿದ್ದಳು. ಅಕ್ಕಿ, ಬೇಳೆ, ಸೀರೆ, ಸಿನಿಮಾ ಎಂದು ನಾನು ಎಷ್ಟು ಮಾತು ತೆಗೆದರೂ ಅವಳು ಮತ್ತೆ ಆ ಹುಲ್ಲಿಗೇ ಬಂದು ನಿಲ್ಲುವಳು.

ಎಪ್ಪತ್ತೈದರ ಸೆಪ್ಟೆಂಬರಿನ ಒಂದು ಭಾನುವಾರ ನಾವು ನಾಲ್ವರೂ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ನಮ್ಮ ಸ್ಟೇಷನ್ ವ್ಯಾಗನ್‌ನಲ್ಲಿ ಬ್ಲೂ ರಿಡ್ಜ್ ಬೆಟ್ಟ ನೋಡಲು ಹೊರಟಿದ್ದೆವು. ತಪ್ಪಲಿನ ಸಣ್ಣ ರಸ್ತೆಯಲ್ಲಿ ಹೋಗುವಾಗ ರತ್ನ ಇದ್ದಕ್ಕಿದ್ದಂತೆ ಕಾರು ನಿಲ್ಲಿಸಿ ಎಂದು ಹಟ ಹಿಡಿದಳು. ವಾಂತಿಯೋ ಏನೋ ಎಂದು ನಾನು ಗಾಬರಿಯಾದೆ. ಅವಳು ಇಳಿದವಳೇ ಮೂಗು ಎತ್ತಿಕೊಂಡು ಬೇಲಿಯ ಹತ್ತಿರ ನಡೆದಳು. ಬೇಲಿಯ ಮೇಲೆ ಯಾರೂ ಹೇಳುವವರು ಕೇಳುವವರು ಇಲ್ಲದ ಒಂದು ಕಾಡು ದ್ರಾಕ್ಷಿ ಬಳ್ಳಿ, ಅದರಲ್ಲಿ ಕಪ್ಪು ಗೊಂಚಲು. ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಅಷ್ಟೇ, ಕಣ್ಣಲ್ಲಿ ಬಳಬಳ ನೀರು. ಸತ್ಯಪ್ರಕಾಶ ಪಾಪ, ಏನಾಯಿತೋ ಎಂದು ನಾಡಿ ಹಿಡಿಯಲು ಹೋದರು. ನಾನೂ ಒಂದು ತಿಂದು ನೋಡಿದೆ. ಥೇಟು ನಮ್ಮ ಬೆಂಗಳೂರಿನ ನೀಲಿ ದ್ರಾಕ್ಷಿಯೇ! ನಮ್ಮೂರಿನದೆಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವ ಆ ಹಣ್ಣಿನ ಮೂಲ ಇದೇ ಅಮೆರಿಕದ ಕಾಡು ಎಂದು ನನಗೆ ಆಮೇಲೆ ತಿಳಿಯಿತು.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಗಂಡಸಿನ ಟೋಪಿ, ರಬ್ಬರ್ ಬೂಟು ಹಾಕಿದ್ದ ಎತ್ತರದ ಹೆಂಗಸೊಬ್ಬರು ಬಂದರು. ಯಾರು ನೀವು, ಏನು ಬೇಕು ಎಂದು ಕೇಳಿದರು. ಮೂಗಿನಿಂದ ಬರುವ ಇಂಗ್ಲಿಷು. ನಾವು ಕಳ್ಳರ ಹಾಗೆ ನಿಂತೆವು. ರತ್ನ ಮಾತ್ರ ಅವರನ್ನು ನೋಡದೆ ಅವರ ಹಿಂದಿನ ಇಳಿಜಾರನ್ನು ನೋಡುತ್ತಿದ್ದಳು. ಅಲ್ಲಿ ತಂತಿಗೆ ಸಾಲಾಗಿ ಕಟ್ಟಿದ್ದ ಎಳೆಯ ದ್ರಾಕ್ಷಿ ಬಳ್ಳಿಗಳಿದ್ದವು. ಒಂದು ಬಳ್ಳಿ ಜೋತು ನೆಲಕ್ಕೆ ಬಿದ್ದಿತ್ತು. ಇವಳು ಯಾರನ್ನೂ ಕೇಳದೆ ಒಳಗೆ ನುಗ್ಗಿ ಅದನ್ನೆತ್ತಿ, ಒಂದು ಹುಲ್ಲಿನ ಎಸಳು ಹೊಸೆದು, ತಂತಿಗೆ ಒಂದು ಗಂಟು ಹಾಕಿ ನಿಲ್ಲಿಸಿದಳು. ಆ ಹೆಂಗಸು ಬಂದು ಗಂಟನ್ನು ಎಳೆದು ನೋಡಿದರು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಮುಂದಿನ ಶನಿವಾರ ಬರ್ತೀಯಾ ಎಂದು ಅವಳನ್ನು ಕೇಳಿಯೇ ಬಿಟ್ಟರು.

ಅವರು ಮದಾಮ್ ಸೋಲಾಂಜ್. ಆ ಜಾಗಕ್ಕೆ ಸುತ್ತಲಿನವರು ಫ್ರೆಂಚರ ತೋಟ ಎನ್ನುತ್ತಿದ್ದರು. ಅವರ ಗಂಡನ ಮುತ್ತಜ್ಜ ಫ್ರಾನ್ಸಿನಿಂದ ಬಂದು ಈ ಇಳಿಜಾರಿನಲ್ಲಿ ದ್ರಾಕ್ಷಿ ಹಾಕಿ, ಕಲ್ಲಿನ ನೆಲಮಾಳಿಗೆ ಕಟ್ಟಿ ವೈನ್ ಮಾಡುತ್ತಿದ್ದನಂತೆ. ದೇಶದಲ್ಲಿ ಪಾನನಿಷೇಧ ಬಂದಾಗ ಬಳ್ಳಿಗಳನ್ನೆಲ್ಲ ಕಿತ್ತು ಸೇಬಿನ ಗಿಡ ನೆಟ್ಟರು. ನೆಲಮಾಳಿಗೆಯಲ್ಲಿ ಹುಲ್ಲಿನ ಹೊರೆ, ಹರಕುಮುರುಕು ಬುಟ್ಟಿ ತುಂಬಿದವು. ಯುದ್ಧಕ್ಕೆಂದು ಫ್ರಾನ್ಸಿಗೆ ಹೋದ ಆ ಮನೆಯ ಮಗ ಅಲ್ಲಿನ ವೈನ್ ಮಾಡುವವರ ಮಗಳನ್ನೇ ಮದುವೆಯಾಗಿ ಕರೆತಂದ. ಅವನು ತೀರಿಕೊಂಡ ಮೇಲೆ ಮಕ್ಕಳಿಲ್ಲದ ಮದಾಮ್ ಸೇಬಿನ ಗಿಡ ತೆಗೆಸಿ, ನೆಲಮಾಳಿಗೆ ತೊಳೆಸಿ, ಮತ್ತೆ ದ್ರಾಕ್ಷಿ ಹಾಕಿದರು. ಈ ಚಳಿಗೆ ಫ್ರಾನ್ಸಿನ ಜಾತಿ ಬದುಕುವುದಿಲ್ಲ ಎಂದು ಊರೆಲ್ಲ ಹೇಳಿತಂತೆ. ಊರಿಗೇ ಒಂದು ದಾರಿಯಾದರೆ ಈಕೆಗೇ ಒಂದು ದಾರಿ. ಅಮೆರಿಕದ ಬೇರಿಗೆ ಫ್ರಾನ್ಸಿನ ಕುಡಿ ಕಸಿ ಕಟ್ಟಿ ನೆಟ್ಟು, ಮಕ್ಕಳ ಹಾಗೆ ಸಾಕಿದರು.

ರತ್ನ ವಾರ ವಾರ ಹೋಗತೊಡಗಿದಳು. ಮೊದಲು ಡಾಕ್ಟರು ಬಿಟ್ಟು ಬರುತ್ತಿದ್ದರು, ಆಮೇಲೆ ಅವಳೇ ಡ್ರೈವಿಂಗ್ ಕಲಿತು ಮನಸ್ಸು ಬಂದಾಗಲೆಲ್ಲ ಹೊರಡುತ್ತಿದ್ದಳು. ನಮ್ಮ ಕನ್ನಡದವರಲ್ಲಿ ಗುಸುಗುಸು ಆಗದೆ ಇರುತ್ತದೆಯೇ? ಡಾಕ್ಟರ ಹೆಂಡತಿ ಹೆಂಡದ ತೋಟದಲ್ಲಿ ಕೂಲಿಗೆ ಹೋಗುತ್ತಾಳಂತೆ ಎಂದರು. ಹೆಂಡದ ತೋಟ ಎಂಬ ಹೆಸರಿಟ್ಟಿದ್ದು ನಮ್ಮ ಯಜಮಾನರೇ. ರತ್ನ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಮುಖಕ್ಕೆ ಬಣ್ಣ ಬಂದಿತ್ತು. ಹುಲ್ಲಿನ ಮಾತು ನಿಂತಿತ್ತು. ಈಗ ಫೋನಿನ ತುಂಬ ಮದಾಮ್, ಮದಾಮ್.

ಹಾಗಂತ ಇಬ್ಬರಿಗೂ ಜಗಳವಿಲ್ಲ ಎಂದುಕೊಳ್ಳಬೇಡಿ. ಮದಾಮ್‌ರ ಕ್ರಮ ಇವಳಿಗೆ ವಿಚಿತ್ರ. ಚಪ್ಪರವಿಲ್ಲ, ಬಳ್ಳಿಯನ್ನು ಬೇಲಿಯ ಹಾಗೆ ನಿಲ್ಲಿಸುವುದು. ಜುಲೈ ತಿಂಗಳಲ್ಲಿ ಅರ್ಧಕ್ಕರ್ಧ ಹಸಿರು ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಬಿಸಾಡುವುದು. ಉಳಿದ ಗೊಂಚಲಿಗೆ ಕಸುವು ಸಿಗಲಿ ಎಂದು. ಅನ್ನ ಚೆಲ್ಲಿದ ಹಾಗೆ ರತ್ನ ಒದ್ದಾಡಿಬಿಟ್ಟಳು. ಬೆಳಗಿನ ತಂಪಿನಲ್ಲೇ ಕೈಯಲ್ಲಿ ಕೊಯ್ಯಬೇಕು, ನಯವಾಗಿ ಹಿಂಡಬೇಕು, ಸಕ್ಕರೆ ಸೇರಿಸಕೂಡದು, ಹೊರಗಿನ ಯೀಸ್ಟ್ ಹಾಕಕೂಡದು. ಸಿಪ್ಪೆಯ ಮೇಲೆ ಇರುವುದೇ ಹುದುಗು ಎಬ್ಬಿಸಬೇಕು. ಆಮೇಲೆ ರಸವನ್ನು ಹಳೆಯ ಓಕ್ ಪೀಪಾಯಿಗಳಲ್ಲಿ ತುಂಬಿ, ತಳದಲ್ಲಿ ಕೂರುವ ಗಷ್ಟನ್ನು ತೆಗೆಯದೆ, ವಾರಕ್ಕೊಮ್ಮೆ ಉದ್ದನೆಯ ಕೋಲಿನಿಂದ ಕಲಕುತ್ತ ತಿಂಗಳುಗಟ್ಟಲೆ ಬಿಡಬೇಕು. ಗಷ್ಟು ವೈನಿಗೆ ತಾಯಿ ಎನ್ನುವರು ಮದಾಮ್. ಕಲಕುವ ಕೆಲಸ ರತ್ನನದು. ಅಂಬಲಿ ತಳ ಹಿಡಿಯದ ಹಾಗೆ ತಿರುವುವ ಕೈ ಅದು, ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಕುಡಿಯುತ್ತಲೂ ಇರಲಿಲ್ಲ. ಮೂಸಿ ನೋಡಿ, ಇದು ಇನ್ನೂ ಹಸಿ, ಅದು ಪರವಾಗಿಲ್ಲ ಎನ್ನುವಳು. ಬಹಳ ಸಲ ಮದಾಮ್‌ರ ನಾಲಗೆಯೂ ಅದನ್ನೇ ಹೇಳುತ್ತಿತ್ತಂತೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಆ ಮೊದಲ ವರ್ಷ ಕೊಯ್ಲು ಮುಗಿದ ಮೇಲೆ ರತ್ನ ತಮ್ಮನ ಮದುವೆಗೆಂದು ಊರಿಗೆ ಹೋದವಳು ಚಳಿಗಾಲ ಪೂರ್ತಿ ಅಲ್ಲೇ ಉಳಿದಳು. ಮೇ ತಿಂಗಳಲ್ಲಿ ಬಂದು ನೋಡುವಾಗ ಬಳ್ಳಿಯ ತುಂಬ ಎಲೆ. ಮಾರ್ಚ್ ತಿಂಗಳಲ್ಲಿ ಮದಾಮ್ ಒಬ್ಬರೇ ಹಳೆಯ ಕಡ್ಡಿಗಳನ್ನು ಕತ್ತರಿಸಿ ಬಳ್ಳಿ ಸವರಿದ್ದನ್ನು ಅವಳು ಕಂಡೇ ಇರಲಿಲ್ಲ. ಈ ದೇಶದಲ್ಲಿ ಯಾವಾಗ ಸವರುತ್ತಾರೆ ಎಂದು ಅವಳು ಕೇಳಲಿಲ್ಲ, ಮದಾಮ್ ಹೇಳಲಿಲ್ಲ. ದ್ರಾಕ್ಷಿ ತೋಟದವರ ಮಗಳಿಗೆ ಅದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ಎಪ್ಪತ್ತಾರರಲ್ಲಿ ದಸರೆ ಬೇಗ ಬಂತು, ಅಕ್ಟೋಬರಿನ ಮೊದಲಿಗೇ. ಕೊಯ್ಲು ಮುಗಿದು, ರಸ ಪೀಪಾಯಿ ಸೇರಿತ್ತು. ಅಷ್ಟು ಹೊತ್ತಿಗೆ ಮದಾಮ್‌ರ ತಾಯಿಗೆ ಕೊನೆಗಾಲ ಎಂದು ಫ್ರಾನ್ಸಿನಿಂದ ಫೋನು ಬಂತು. ಅವರು ನಿಂತ ಕಾಲಲ್ಲೇ ಹೊರಟರು. ಹೊರಡುವಾಗ ರತ್ನನ ಎರಡೂ ಕೈ ಹಿಡಿದು, "ನಿನ್ನ ಅಪ್ಪನ ತೋಟ ಅಂತ ತಿಳಿದು ನೋಡಿಕೋ" ಎಂದರಂತೆ.

ಪಿಳ್ಳಪ್ಪನವರ ತೋಟದಲ್ಲಿ ಒಂದು ಪದ್ಧತಿ. ಆಯುಧಪೂಜೆಯ ದಿನ ಕತ್ತರಿ, ಕುಡುಗೋಲು, ಸನಿಕೆ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ ಪೂಜೆ. ಮಾರನೆಯ ದಿನ ವಿಜಯದಶಮಿ, ಆ ಕತ್ತರಿಯಿಂದಲೇ ಬಳ್ಳಿಗೆ ಮೊದಲ ಪೆಟ್ಟು. ಅಲ್ಲಿಂದ ಸವರುವ ಕೆಲಸ ಶುರು. ಅಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಸವರಿದ ಎರಡು ವಾರದೊಳಗೆ ಚಿಗುರು, ಸಂಕ್ರಾಂತಿಯ ಆಚೀಚೆ ಕಾಯಿ, ಶಿವರಾತ್ರಿ ಕಳೆದರೆ ಹಣ್ಣು. ದಶಮಿ ದಾಟಿಸಿದರೆ ಬಳ್ಳಿ ಮುನಿಸಿಕೊಳ್ಳುತ್ತದೆ ಎಂದು ಪಿಳ್ಳಪ್ಪನವರು ಹೇಳುತ್ತಿದ್ದರಂತೆ.

ರತ್ನ ಮದಾಮ್‌ರ ಕತ್ತರಿಗೆ ಪೂಜೆ ಮಾಡಿದಳು. ವಿಜಯದಶಮಿಯ ದಿನ ಮೊದಲ ಬಳ್ಳಿ ಸವರಿದಳು. ಅಮ್ಮನನ್ನು ಕಳೆದುಕೊಂಡು ಬರುವ ಜೀವ, ಬಂದ ಮೇಲೆ ಈ ಕೆಲಸವಾದರೂ ಇಲ್ಲದಿರಲಿ ಎಂಬ ಆಸೆ. ಒಬ್ಬಳೇ, ದಿನಾ ಹೋಗಿ, ಹಸಿರೆಲೆ ಇರುವ ಬಳ್ಳಿಗಳನ್ನೆಲ್ಲ ಗಿಣ್ಣು ಲೆಕ್ಕ ಹಾಕಿ ಸವರಿ ಮುಗಿಸಿದಳು. ಮುಗಿದ ದಿನ ನನಗೆ ಫೋನ್ ಮಾಡಿ ಬೀಗಿದಳು. ನಾನೂ ಭೇಷ್ ಎಂದೆ. ನನಗೇನು ಗೊತ್ತು, ನಾನು ಕಂಡ ದ್ರಾಕ್ಷಿ ಪಾಯಸದಲ್ಲಿ ತೇಲುವಂಥದ್ದು!

ಎರಡು ವಾರ ಕಳೆಯಿತು. ಚಿಗುರಲಿಲ್ಲ. ಮೂರು ವಾರವಾಯಿತು. ಆ ವರ್ಷ ಅಕ್ಟೋಬರಿನಲ್ಲೇ ಚಳಿ ಕಚ್ಚತೊಡಗಿತ್ತು. ಒಂದು ಬೆಳಿಗ್ಗೆ ಪಕ್ಕದ ಸೇಬಿನ ತೋಟದ ಮುದುಕ ಬೇಲಿಯ ಹತ್ತಿರ ಬಂದವನು ಸಾಲುಗಳನ್ನು ನೋಡಿ ತಲೆಯ ಟೋಪಿ ತೆಗೆದನಂತೆ. ಇಲ್ಲಿ ಎಲೆ ತಾನಾಗಿ ಉದುರುವವರೆಗೆ ಬಳ್ಳಿ ಮುಟ್ಟುವುದಿಲ್ಲ, ಎಲೆಯೇ ಕಡ್ಡಿಗೆ ಚಳಿಗಾಲದ ಊಟ ತುಂಬುವುದು, ಹಸಿರೆಲೆಯಲ್ಲಿ ಕತ್ತರಿಸಿದರೆ ಕಡ್ಡಿ ಹಸಿಯಾಗಿಯೇ ಉಳಿದು ಹಿಮಕ್ಕೆ ಸತ್ತುಹೋಗುತ್ತದೆ ಎಂದ. ಚಳಿ ಕಡಿಮೆ ಇರಲಿ ಎಂದು ದೇವರನ್ನು ಬೇಡಿಕೋ ಎಂದು ಹೇಳಿ ಹೋದ.

ರತ್ನ ಫೋನಿನಲ್ಲಿ ಇಷ್ಟು ಹೇಳಿ ಇಟ್ಟುಬಿಟ್ಟಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗಾಗಿತ್ತು. ನಾನು ಅವರ ಮನೆಗೆ ಹೋದಾಗ ರತ್ನ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ಸತ್ಯಪ್ರಕಾಶ ಒಳ್ಳೆಯ ಮನುಷ್ಯರೇ, ಆದರೆ ಆ ಹೊತ್ತಿನಲ್ಲಿ ಗಂಡಸರು ಆಡುವ ಮಾತನ್ನೇ ಆಡಿದರು. ನೀನಿನ್ನು ಅಲ್ಲಿಗೆ ಹೋಗಬೇಡ, ಮದಾಮ್ ಬಂದ ಮೇಲೆ ನಾನೇ ಮಾತಾಡಿ ಸರಿ ಮಾಡ್ತೀನಿ, ಅದೇನು ನಿನ್ನ ಕೆಲಸವಾ, ಹಾಬಿ ತಾನೇ ಎಂದರು. ರತ್ನ ತಲೆಯೆತ್ತಿದಳು.

"ಹಾಬಿ ಅಲ್ಲ ರೀ. ಈ ದೇಶದಾಗೆ ನಾನೂ ಒಬ್ಳು ಮನುಷ್ಯಳು ಅಂತ ಅನ್ಸಿದ್ದು ಅದೊಂದೇ ಜಾಗದಾಗೆ. ಅದನ್ನೂ ನನ್ನ ಕೈಯಾರೆ ಕಡ್ದು ಹಾಕ್ದೆ. ನಾನೇ ಹೇಳ್ಬೇಕು."

ಡಾಕ್ಟರು ಒಲೆಯ ಹತ್ತಿರ ಹೋದರು. ಒಂದು ಲೋಟ ಕಾಫಿ ತಾವೇ ಮಾಡಿ ತಂದು ಅವಳ ಮುಂದಿಟ್ಟರು. ಕಾಫಿ ಬಹಳ ಕೆಟ್ಟದಾಗಿತ್ತು. ಆದರೂ ಅವಳು ಕುಡಿದಳು.

ನವೆಂಬರಿನಲ್ಲಿ ಮದಾಮ್ ಬಂದರು, ಕಪ್ಪು ಬಟ್ಟೆಯಲ್ಲಿ. ಇಂಗ್ಲಿಷಿಗೆ ಜೊತೆಯಿರಲಿ ಎಂದು ರತ್ನ ನನ್ನನ್ನು ಕರೆದುಕೊಂಡು ಹೋದಳು. ಗೇಟಿನಿಂದಲೇ ಬೋಳು ಸಾಲುಗಳು ಕಾಣುತ್ತವೆ, ಮುಚ್ಚಿಡಲು ಏನಿದೆ? ಮದಾಮ್ ಸಾಲಿನ ನಡುವೆ ನಿಂತಿದ್ದರು. ರತ್ನ ಎದುರು ಹೋಗಿ, "ಐ ಕಟ್, ಮದಾಮ್. ಆಲ್" ಎಂದಳು. ಉಳಿದದ್ದನ್ನು ನಾನು ಹೇಳಿದೆ. ಆಯುಧಪೂಜೆ, ವಿಜಯದಶಮಿ, ನಿದ್ದೆಯಿಲ್ಲದ ಬಳ್ಳಿ, ಪಿಳ್ಳಪ್ಪನವರ ಮಾತು. ನನ್ನ ಬಾಯಲ್ಲಿ ಅದೆಲ್ಲ ಮೂಢನಂಬಿಕೆಯ ಹಾಗೆ ಕೇಳಿಸುತ್ತಿದೆಯಲ್ಲ ಎಂದು ನನಗೇ ಸಿಟ್ಟು ಬರುತ್ತಿತ್ತು. ಆ ಬಿಸಿಲ ಸೀಮೆಯಲ್ಲಿ ಅದು ಸರಿಯಾದ ಲೆಕ್ಕ ಎಂದು ಎರಡು ಸಲ ಒತ್ತಿ ಹೇಳಿದೆ.

ಮದಾಮ್ ಜೇಬಿನಿಂದ ಚಾಕು ತೆಗೆದು ಒಂದು ಕಡ್ಡಿ ಸೀಳಿದರು. ಒಳಗೆ ಹಸಿರು, ನೀರು ನೀರು. ಇನ್ನೊಂದು ಸೀಳಿದರು. ಅದೂ ಹಾಗೆಯೇ. ನೆಲಮಾಳಿಗೆಯ ಕಲ್ಲಿನ ಮೆಟ್ಟಿಲ ಮೇಲೆ ಕುಳಿತರು. ಬೈಯಲಿ, ಹೋಗು ಎನ್ನಲಿ, ಏನಾದರೂ ಅನ್ನಲಿ ಎಂದು ನಾನು ಕಾಯುತ್ತಿದ್ದೆ.

"ನಿನ್ನ ಅಪ್ಪನ ತೋಟ ಅಂತ ತಿಳಿದು ನೋಡಿಕೋ ಅಂದೆ. ಹಾಗೇ ನೋಡಿಕೊಂಡಿದ್ದೀಯ. ನನ್ನ ಅಪ್ಪನ ತೋಟ ಅನ್ನಬೇಕಿತ್ತು ನಾನು" ಎಂದರು ಮದಾಮ್.

ಆಮೇಲೆ ಎದ್ದು ಹತ್ತಿರದ ಬಳ್ಳಿಯ ಬುಡದಲ್ಲಿ ಮಂಡಿಯೂರಿ, ಎರಡೂ ಕೈಯಿಂದ ಮಣ್ಣು ಬಾಚಿ ಬುಡಕ್ಕೆ ಏರಿಸಿದರು. ನನಗೆ ಅರ್ಥವಾಗಲಿಲ್ಲ. ತಾಯಿಯ ಸಾವು, ಈ ನಷ್ಟ, ಎರಡೂ ಸೇರಿ ತಲೆ ಕೆಟ್ಟಿತೋ ಎಂದುಕೊಂಡೆ. ರತ್ನನಿಗೆ ಮಾತ್ರ ಹೊಳೆಯಿತು.

"ಆಲೂಗಡ್ಡೆಗೆ ಮಣ್ಣೇರ್ಸಿದಂಗೆ ಅಕ್ಕ!" ಎಂದು ಅವಳೂ ಮಂಡಿಯೂರಿದಳು.

ಮದಾಮ್‌ರ ಅಪ್ಪ ಪ್ರತಿ ನವೆಂಬರಿನಲ್ಲೂ ಕುದುರೆಗೆ ನೇಗಿಲು ಕಟ್ಟಿ ಬಳ್ಳಿಯ ಬುಡಕ್ಕೆ ಮಣ್ಣೇರಿಸಿ, ಚಳಿ ಕಳೆದ ಮೇಲೆ ಬಿಡಿಸುತ್ತಿದ್ದರಂತೆ. ಇಲ್ಲಿ ಟ್ರ್ಯಾಕ್ಟರು ಈ ಸಾಲುಗಳಲ್ಲಿ ತೂರುವುದಿಲ್ಲ. ಹಿಂದಿನ ಚಳಿಗಾಲಗಳೂ ಮೆತ್ತಗಿದ್ದವು, ಹಾಗಾಗಿ ಬಿಟ್ಟಿದ್ದರು. ಕಸಿ ಕಟ್ಟಿದ ಗಂಟಿನ ಕೆಳಗೆ ಅಮೆರಿಕದ ಬೇರು, ಮೇಲೆ ಫ್ರಾನ್ಸಿನ ಬಳ್ಳಿ. ಗಂಟಿನ ಮೇಲೆ ಒಂದು ಗೇಣಷ್ಟು ಬಳ್ಳಿ ಮಣ್ಣಿನೊಳಗೆ ಬೆಚ್ಚಗೆ ಉಳಿದರೆ, ಮೇಲಿನದೆಲ್ಲ ಸತ್ತರೂ ಅಲ್ಲಿಂದ ಮತ್ತೆ ಚಿಗುರಬಹುದು. ಅದೂ ಹೋದರೆ ಬರುವುದು ಬರೀ ಕಾಡು ಚಿಗುರು. ನೆಲ ಹೆಪ್ಪುಗಟ್ಟುವ ಮೊದಲೇ ಇಳಿಜಾರಿನ ಅಷ್ಟೂ ಬಳ್ಳಿಗೆ ಮಣ್ಣೇರಿಸಬೇಕು, ಅದೂ ಕೈಯಲ್ಲಿ.

ಮನೆಗೆ ಬಂದು ನಾನು ಫೋನು ಹಿಡಿದು ಕುಳಿತೆ. ಲ್ಯಾನ್‌ಹ್ಯಾಮ್, ಸಿಲ್ವರ್ ಸ್ಪ್ರಿಂಗ್, ಆರ್ಲಿಂಗ್ಟನ್, ಯಾವ ಕನ್ನಡದ ಮನೆಯನ್ನೂ ಬಿಡಲಿಲ್ಲ. ಗುಸುಗುಸು ಮಾಡಿದವರಿಗೆ ಮೊದಲು ಫೋನ್ ಮಾಡಿದೆ. ಯಜಮಾನರು ಪೇಪರಿನ ಹಿಂದಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನೀವು ಬರದಿದ್ದರೂ ಪರವಾಗಿಲ್ಲ, ಹೆಂಡದ ತೋಟ ಅಲ್ಲವೇ ಎಂದೆ. "ಗಿಡ ಏನೇ ಪಾಪ ಮಾಡಿದೆ?" ಎಂದು ಎದ್ದುಹೋಗಿ ಗ್ಯಾರೇಜಿನಿಂದ ಸ್ನೋ ಶವಲ್ ತಂದರು. ಅದು ಮಣ್ಣಿಗಲ್ಲ ಎಂದು ಹೇಳಿ ಬದಲಾಯಿಸಿದೆ.

ಆ ಶನಿವಾರ, ಭಾನುವಾರ, ಮುಂದಿನ ವಾರವೂ ಅಷ್ಟೇ, ಫ್ರೆಂಚರ ತೋಟದಲ್ಲಿ ಒಂದು ಜಾತ್ರೆ. ಹೃದಯದ ಡಾಕ್ಟರು, ಅರಿವಳಿಕೆಯ ಡಾಕ್ಟರು, ಫಿಸಿಕ್ಸಿನವರು, ಎಲ್ಲರೂ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಮಣ್ಣು ಎಳೆದರು. ಅಮೆರಿಕದ ಸಲಿಕೆ ಮುಂದಕ್ಕೆ ತಳ್ಳುವಂಥದ್ದು, ನಮ್ಮ ಸನಿಕೆಯ ಹಾಗೆ ತನ್ನ ಕಡೆಗೆ ಎಳೆಯುವಂಥದ್ದಲ್ಲ ಎಂದು ರತ್ನ ಗೊಣಗುತ್ತ ಎಲ್ಲರಿಗಿಂತ ಮುಂದಿದ್ದಳು. ನಮ್ಮ ಯಜಮಾನರು ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಎಂದರೆ ಇದೇ ಎಂದು ಸಾಲು ಸಾಲಿಗೂ ಹೇಳಿದರು. ಆದರೆ ಒಂದು ಬಳ್ಳಿಯನ್ನೂ ಬಿಡಲಿಲ್ಲ. ಮದಾಮ್ ಬಿಸಿ ಸೂಪು ಮಾಡಿದ್ದರು. ಅದರಲ್ಲಿ ಮಾಂಸವಿಲ್ಲ ಎಂದು ಎಲ್ಲರಿಗೂ ಕೈಮುಗಿದು ಹೇಳಿದರು. ಕೊನೆಯ ಬಳ್ಳಿಗೆ ಮಣ್ಣೇರಿಸಿದ ವಾರವೇ ನೆಲ ಕಲ್ಲಾಯಿತು.

ಆ ಚಳಿಗಾಲವನ್ನು ಇಲ್ಲಿದ್ದವರಾರೂ ಮರೆತಿಲ್ಲ. ಪೊಟೊಮ್ಯಾಕ್ ನದಿ ಹೆಪ್ಪುಗಟ್ಟಿತು. ಅದು ಸೇರುವ ಕೊಲ್ಲಿಯಲ್ಲಿ ದೋಣಿಗಳು ಸಿಕ್ಕಿಬಿದ್ದವು. ಮೆತ್ತಗಿನ ಚಳಿಗೆಂದು ದೇವರನ್ನು ಬೇಡಿಕೊಂಡಿದ್ದು ಸಾಲದೆಹೋಯಿತು. ಬೆಳಿಗ್ಗೆ ಏಳುತ್ತಲೇ ರತ್ನನ ಫೋನು ಬರುತ್ತಿತ್ತು. ನಿಮ್ಮ ಕಡೆ ಥರ್ಮಾಮೀಟರ್ ಎಷ್ಟಿದೆ ಅಕ್ಕ ಎಂದು. ನಾನು ಒಂದೆರಡು ಡಿಗ್ರಿ ಹೆಚ್ಚೇ ಹೇಳುತ್ತಿದ್ದೆ. ಹಿಮ ಬಿದ್ದಾಗ ಮಾತ್ರ ಮದಾಮ್ ಖುಷಿಪಡುತ್ತಿದ್ದರಂತೆ, ಬಳ್ಳಿಗೆ ಕಂಬಳಿ ಬಂತು ಎಂದು. ರತ್ನ ವಾರಕ್ಕೊಮ್ಮೆ ಹೋಗಿ ಪೀಪಾಯಿ ಕಲಕಿ ಬರುವುದನ್ನು ಬಿಡಲಿಲ್ಲ. ಮದಾಮ್ ಅವಳಿಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮಾರ್ಚ್ ತಿಂಗಳಲ್ಲಿ ಮದಾಮ್ ಒಂದು ಕಡ್ಡಿ ಮುರಿದು ನೋಡಿದರು. ಸೌದೆಯ ಹಾಗೆ ಪಟ್ಟೆಂದು ಮುರಿಯಿತು. ಮಣ್ಣಿನ ಮೇಲಿನದೆಲ್ಲ ಸತ್ತಿತ್ತು. ಈಗಲೇ ಬುಡ ಬಿಡಿಸಿ ನೋಡೋಣ ಎಂದು ರತ್ನ ಅಂಗಲಾಚಿದಳು. ಕೊನೆಯ ಮಂಜು ಬಿದ್ದು ಹೋಗುವವರೆಗೂ ಮುಟ್ಟಕೂಡದು ಎಂದು ಮದಾಮ್ ಗದರಿದರು. ಅವಳು ಅನ್ನ ಬಿಟ್ಟವಳ ಹಾಗೆ ಆಗಿದ್ದಳು. ಏಪ್ರಿಲ್ ಮುಗಿಯುತ್ತ ಬಂದಾಗ ಸತ್ಯಪ್ರಕಾಶ ಅರ್ಧ ದಿನ ರಜ ಹಾಕಿ ನಮ್ಮನ್ನೂ ಕರೆದುಕೊಂಡು ಹೊರಟರು.

ಮೊದಲ ಬಳ್ಳಿಯ ಹತ್ತಿರ ರತ್ನ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ನಾನು ಮುಟ್ಟಲ್ಲ, ಮದಾಮೇ ತೆಗೀಲಿ ಅಂತ ಹೇಳಿ ಅಕ್ಕ ಎಂದಳು. ಮದಾಮ್ ಮಂಡಿಯೂರಿ, ಕೈಗವಸು ಬಿಚ್ಚಿ, ಬೆರಳಲ್ಲೇ ಮಣ್ಣು ಬಿಡಿಸಿದರು. ಒಂದಿಷ್ಟು ಮಣ್ಣು, ಮತ್ತೊಂದಿಷ್ಟು. ಕಸಿಯ ಗಂಟು ಕಂಡಿತು. ಅದರ ಮೇಲುಗಡೆ, ಮಣ್ಣಿನ ಕತ್ತಲೆಯಲ್ಲಿ, ಮೊಳಕೆ ಬಂದ ಹುರುಳಿಕಾಳಿನ ಹಾಗೆ ಬೆಳ್ಳಗೆ ಬಾಗಿದ ಒಂದು ಕುಡಿ. ಪಕ್ಕದಲ್ಲಿ ಇನ್ನೊಂದು.

ಮದಾಮ್ ತಮ್ಮ ಭಾಷೆಯಲ್ಲಿ ಏನೋ ಅಂದರು. ಎರಡನೆಯ ಬಳ್ಳಿಯಲ್ಲೂ ಕುಡಿ ಇತ್ತು. ಮೂರನೆಯದು ಸತ್ತಿತ್ತು. ನಾಲ್ಕನೆಯದು, ಐದನೆಯದು ಬದುಕಿದ್ದವು. ಹಾಗೇ ಸಾಲು ಪೂರ್ತಿ ನೋಡಿದೆವು, ಅಲ್ಲೊಂದು ಇಲ್ಲೊಂದು ಹೋಗಿತ್ತು, ಉಳಿದದ್ದೆಲ್ಲ ಬದುಕಿತ್ತು. ಹೋದ ಜೀವ ಬಂದ ಹಾಗಾಯಿತು. ರತ್ನ ಸಾಲಿನ ನಡುವೆ ಕುಳಿತು ಗೊಳೋ ಎಂದು ಅತ್ತಳು. ಸತ್ಯಪ್ರಕಾಶ ಸೂಟು ಹಾಕಿದ್ದವರು ಹಾಗೆಯೇ ಮಣ್ಣಿನಲ್ಲಿ ಅವಳ ಪಕ್ಕ ಕುಳಿತರು. ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸುತ್ತ, ನೂರಕ್ಕೆ ತೊಂಬತ್ತು ಬದುಕಿದೆ ಎಂದು ಯಾರೂ ಕೇಳದ ಲೆಕ್ಕ ಹೇಳಿದರು. ನನಗೆ ನಗು ಬಂತು, ಅಳುವೂ ಬಂತು.

ಆ ವರ್ಷ ಹಣ್ಣಿಲ್ಲ. ಹೊಸ ರಸ ಬರುವುದಿಲ್ಲ ಎಂದ ಮೇಲೆ ಪೀಪಾಯಿ ಖಾಲಿ ಮಾಡುವ ಅವಸರವೂ ಇಲ್ಲ. ರತ್ನ ಕಲಕಿದ್ದ ವೈನು ತನ್ನ ಗಷ್ಟಿನ ಮೇಲೆ ಇನ್ನೂ ಮಲಗಿತು. ಅದು ಇಷ್ಟು ದುಂಡಗೆ, ನಾಲಗೆಗೆ ಮೆತ್ತಗೆ ಬರುತ್ತದೆಂದು ತಿಳಿದಿರಲಿಲ್ಲ ಎಂದು ಮದಾಮ್ ನನ್ನ ಮುಂದೆ ಹೇಳಿದರು. ರತ್ನನ ಮುಂದೆಯೂ ಹೇಳಿರಬೇಕು. ಆದರೂ ಆ ಬೇಸಿಗೆ ಪೂರ್ತಿ ಅವಳು ಕತ್ತರಿ ಮುಟ್ಟಲಿಲ್ಲ. ಕಳೆ ಕೀಳುವಳು, ಹೊಸ ಕುಡಿಗಳನ್ನು ತಂತಿಗೆ ಕಟ್ಟುವಳು. ಒಂದು ಒಣಗಿದ ಎಲೆ ಕತ್ತರಿಸಬೇಕೆಂದರೂ ಮದಾಮ್‌ರನ್ನು ಕೂಗುವಳು. ಊರಿಂದ ಅಪ್ಪನ ಕಾಗದ ಬಂದರೆ ತೋಟದ ವಿಚಾರ ಬರೆದಿದ್ದ ಕಡೆ ಓದದೆ ಮಡಿಸಿಡುವಳು. ನಾನು ಬುದ್ಧಿ ಹೇಳಿ ಹೇಳಿ ಸೋತೆ.

ಮುಂದಿನ ದಸರೆ ತಡವಾಗಿ ಬಂತು. ಬೊಂಬೆ ಕೂರಿಸುವ ಗಡಿಬಿಡಿಯಲ್ಲಿ ನಾನಿದ್ದಾಗ ಮದಾಮ್‌ರ ಫೋನು. ನಿಮ್ಮ ಆ ಹಬ್ಬ, ಆಯುಧಗಳದ್ದು, ಯಾವತ್ತು ಎಂದು ಕೇಳಿದರು. ಹೇಳಿದೆ. ರತ್ನನನ್ನು ಕರೆದುಕೊಂಡು ಬಾ, ಕಾರಣ ಹೇಳಬೇಡ ಎಂದರು.

ನೆಲಮಾಳಿಗೆಯ ದೊಡ್ಡ ಮೇಜನ್ನು ತೊಳೆದಿಟ್ಟಿದ್ದರು. ಅದರ ಮೇಲೆ ಸಾಲಾಗಿ ಕತ್ತರಿ, ಚಾಕು, ಪೀಪಾಯಿ ಕಲಕುವ ಕೋಲು, ನಾವು ಮಣ್ಣು ಎಳೆದ ಸಲಿಕೆಗಳು. ಎಲ್ಲದಕ್ಕೂ ತೋಟದ ಹಳದಿ ಹೂ ಇಟ್ಟಿದ್ದರು. ಹಿಂದಿನ ವರ್ಷ ರತ್ನ ಬಿಟ್ಟುಹೋಗಿದ್ದ ಕುಂಕುಮದ ಡಬ್ಬಿಯೂ ಅಲ್ಲಿತ್ತು. ರತ್ನ ಬಾಗಿಲಲ್ಲೇ ನಿಂತುಬಿಟ್ಟಳು. ಮದಾಮ್ ಡಬ್ಬಿ ಎತ್ತಿ ಅವಳ ಕಡೆ ಚಾಚಿದರು. ಅವಳು ಬಂದು ಕೋಲಿಗೆ ಹಚ್ಚಿದಳು, ಸಲಿಕೆಗಳಿಗೆ ಹಚ್ಚಿದಳು. ಕತ್ತರಿಯನ್ನು ಕೊನೆಗೆ ಬಿಟ್ಟಿದ್ದಳು. ಅದಕ್ಕೂ ಹಚ್ಚಿದಳು.

ಪೂಜೆ ಮುಗಿದ ಮೇಲೆ ಮದಾಮ್ ಒಂದು ಏಣಿ ತಂದು ಗೋಡೆಗಿಟ್ಟು ಹತ್ತಿದರು. ಮೇಲೆ, ನಮ್ಮ ಯಾರ ಕೈಗೂ ಎಟುಕದ ಕಡೆ, ಹೊಸದೊಂದು ಮೊಳೆ ಹೊಡೆದಿತ್ತು. ಕುಂಕುಮ ಹಚ್ಚಿದ ಕತ್ತರಿಯನ್ನು ಅದಕ್ಕೆ ತೂಗುಹಾಕಿ, "ಮಾರ್ಚ್" ಎಂದರು. ರತ್ನ ನಕ್ಕಳು. ಒಂದು ವರ್ಷದ ಮೇಲೆ ನಾನು ಕೇಳಿದ ನಗು ಅದು.

ಮದಾಮ್ ಇಳಿದು ಬಂದು, ನಾಳೆ ನಾನು ಫ್ರಾನ್ಸಿಗೆ ಹೊರಟಿದ್ದೇನೆ ಎಂದರು. ತಾಯಿ ಹೋಗಿ ವರ್ಷವಾಯಿತು, ಅವರಿಗೊಂದು ಪೂಜೆ ಮಾಡಿಸಬೇಕು, ನವೆಂಬರಿನಲ್ಲಿ ಮಣ್ಣೇರಿಸುವ ಹೊತ್ತಿಗೆ ಬರುತ್ತೇನೆ ಎಂದರು. ನೆಲಮಾಳಿಗೆಯ ಬೀಗದ ಕೈ ತೆಗೆದು ರತ್ನನ ಕುಂಕುಮದ ಅಂಗೈಯಲ್ಲಿಟ್ಟರು. ರತ್ನ ಅದನ್ನು ನೋಡಿದಳು, ಮೇಲೆ ತೂಗುತ್ತಿದ್ದ ಕತ್ತರಿಯನ್ನು ನೋಡಿದಳು.

"ಏಣೀನ ನನ್ನ ಕೈಗೆ ಸಿಗ್ದಂಗೆ ಯಾರ ಮನೇಲಿ ಇಡ್ಬೇಕು ಅಂತ ಕೇಳಕ್ಕ" ಎಂದಳು.

ನಾನು ಕೇಳಿದೆ. ಮದಾಮ್ ಏಣಿಯನ್ನು ಗೋಡೆಗೆ ಒರಗಿಸಿದರು.

"ಎಲ್ಲೂ ಬೇಡ, ಇಲ್ಲೇ ಇರಲಿ" ಎಂದರು.